ಕುಟುಂಬದೊಂದಿಗೆ ಕ್ಯಾರವಾನ್ ಪ್ರವಾಸ: ಮೊದಲ ಬಾರಿ ಹೊರಡುವವರ ಸಿದ್ಧತೆ

ಕ್ಯಾರವಾನ್ ಮನೆಗೆ ಬಂದ ಮೊದಲ ವಾರದಲ್ಲಿ ಹೆಚ್ಚಿನ ಕುಟುಂಬಗಳು ಅದರ ಕಪಾಟುಗಳ ಬಾಗಿಲನ್ನು ಒಂದೊಂದಾಗಿ ತೆರೆದು ನೋಡಿ, ಎಲ್ಲಿ ಏನನ್ನಿಡಬಹುದೆಂದು ಪಟ್ಟಿ ಮಾಡತೊಡಗುತ್ತವೆ. ತಟ್ಟೆ ಲೋಟಗಳ ಹೊಸ ಸೆಟ್ಟು, ಮಡಚುವ ಕುರ್ಚಿಗಳು, ಚಿಕ್ಕ ಟಿವಿ, ಮಕ್ಕಳ ಆಟದ ಸಾಮಾನು, ಹೊರಗೆ ಹಾಸಲು ಜಮಖಾನೆ ಎಂದು ಆ ಪಟ್ಟಿ ದಿನೇ ದಿನೇ ಬೆಳೆಯುತ್ತದೆ. ನಾವೂ ಹಾಗೆಯೇ ಮಾಡಿದ್ದೆವು. ಇಷ್ಟು ವರ್ಷ ಕ್ಯಾರವಾನ್ ಎಳೆದ ಮೇಲೆ ಹೊಸಬರಿಗೆ ನಾನು ಹೇಳುವುದೇನೆಂದರೆ, ಆ ಪಟ್ಟಿಯನ್ನು ಕೆಲವು ದಿನ ಪಕ್ಕಕ್ಕಿಟ್ಟು, ಬಾಗಿಲ ಬಳಿಯೋ ಚಾಸಿಯ ಮೇಲೋ ಕೂರಿಸಿರುವ ಅಂಗೈಯಗಲದ ಫಲಕವನ್ನು ಮೊದಲು ಓದಬೇಕು. ಏನನ್ನು ಕೊಳ್ಳಬಹುದು, ಏನನ್ನು ಬಿಡಬೇಕು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಅದರ ಮೇಲಿನ ತೂಕದ ಅಂಕಿಗಳೇ.

ಇಲ್ಲಿ ಕ್ಯಾರವಾನ್ ಎಂದರೆ ಕಾರಿನ ಹಿಂದೆ ಎಳೆದೊಯ್ಯುವ ಬಂಡಿ. ಸ್ವಂತ ಎಂಜಿನ್ ಇರುವ ಮೋಟರ್‌ಹೋಮ್ ಇರುವವರು ಎಳೆಯುವುದಕ್ಕೆ ಸಂಬಂಧಿಸಿದ ಭಾಗವನ್ನು ಬಿಟ್ಟು ಉಳಿದದ್ದನ್ನು ಹಾಗೆಯೇ ಅನ್ವಯಿಸಿಕೊಳ್ಳಬಹುದು.

ತೂಕದ ಲೆಕ್ಕ

ಫಲಕದಲ್ಲಿಯೂ ಕೈಪಿಡಿಯಲ್ಲಿಯೂ ಮುಖ್ಯವಾಗಿ ಎರಡು ಅಂಕಿಗಳು ಸಿಗುತ್ತವೆ. ಒಂದು, ಕಾರ್ಖಾನೆಯಿಂದ ಹೊರಬಂದಾಗ ಕ್ಯಾರವಾನ್ ಇದ್ದ ತೂಕ. ಇನ್ನೊಂದು, ಸಾಮಾನೆಲ್ಲ ತುಂಬಿದ ಮೇಲೆ ಅದು ಯಾವ ಕಾರಣಕ್ಕೂ ಮೀರಬಾರದ ಗರಿಷ್ಠ ತೂಕ. ಎರಡರ ನಡುವಿನ ವ್ಯತ್ಯಾಸವಷ್ಟೇ ನಿಮ್ಮ ಸಾಮಾನಿಗೆ ಉಳಿದಿರುವ ಪಾಲು. ಹೊಸಬರು ಅಂದುಕೊಳ್ಳುವುದಕ್ಕಿಂತ ಈ ಪಾಲು ಬಹಳ ಚಿಕ್ಕದು.

ಒಂದು ಉದಾಹರಣೆಯನ್ನು ನೋಡೋಣ. ಖಾಲಿ ತೂಕ 1140 ಕಿಲೋ, ಗರಿಷ್ಠ ತೂಕ 1300 ಕಿಲೋ ಇರುವ ಕ್ಯಾರವಾನಿನಲ್ಲಿ ಸಾಮಾನಿಗೆ ಉಳಿಯುವುದು 160 ಕಿಲೋ. ನಾಲ್ಕು ಜನರ ಬಟ್ಟೆಗೆ ತಲಾ 10 ಕಿಲೋದಂತೆ 40, ಹಾಸಿಗೆ ಹೊದಿಕೆಗೆ 15, ಪಾತ್ರೆ ಮತ್ತು ದಿನಸಿಗೆ 30, ಬ್ಯಾಟರಿಗೆ 22, ತುಂಬಿದ ಎರಡು ಗ್ಯಾಸ್ ಸಿಲಿಂಡರ್‌ಗಳಿಗೆ 25, ಕ್ಯಾರವಾನ್ ಪಕ್ಕಕ್ಕೆ ಕಟ್ಟುವ ಡೇರೆ ಮತ್ತು ಅದರ ಕಂಬಗಳಿಗೆ 25, ಮೇಜು ಕುರ್ಚಿಗಳಿಗೆ 15, ಕೇಬಲ್ಲು, ಖಾಲಿ ನೀರಿನ ಡ್ರಮ್ಮು ಮುಂತಾದವಕ್ಕೆ 15 ಎಂದು ಹಿಡಿದರೆ ಮೊತ್ತ 187 ಕಿಲೋ ಆಗುತ್ತದೆ. ದುಂದೆನ್ನಬಹುದಾದ ಒಂದು ಸಾಮಾನೂ ಈ ಲೆಕ್ಕದಲ್ಲಿಲ್ಲ. ಆದರೂ ಮಿತಿಯನ್ನು 27 ಕಿಲೋ ಮೀರಿದೆ. ಇದರ ಮೇಲೆ 40 ಲೀಟರ್ ನೀರು ತುಂಬಿಸಿಕೊಂಡು ಹೊರಟರೆ ಮತ್ತೆ 40 ಕಿಲೋ ಸೇರುತ್ತದೆ. ಆದ್ದರಿಂದಲೇ ನೀರನ್ನು ತಂಗುವ ಜಾಗಕ್ಕೆ ಹೋದ ಮೇಲೆ ತುಂಬಿಸಿಕೊಳ್ಳುವುದು ರೂಢಿಯಾಗಿದೆ, ಡೇರೆ ಮತ್ತು ಕುರ್ಚಿಗಳನ್ನು ಸಾಧ್ಯವಾದರೆ ಕಾರಿನ ಡಿಕ್ಕಿಯಲ್ಲಿ ಹಾಕಿಕೊಳ್ಳುತ್ತಾರೆ. ಆದರೆ ಕಾರಿಗೂ ಅದರದೇ ಮಿತಿ ಇರುತ್ತದೆ, ಕಾರು ಮತ್ತು ಕ್ಯಾರವಾನ್ ಎರಡೂ ಕೂಡಿದ ಒಟ್ಟು ತೂಕಕ್ಕೂ ಮಿತಿ ಇರುತ್ತದೆ ಎಂಬುದನ್ನು ಮರೆಯಬಾರದು. ತುಂಬಿದ ಬಂಡಿಯನ್ನು ಒಮ್ಮೆಯಾದರೂ ವೇಬ್ರಿಡ್ಜ್‌ಗೆ ಕೊಂಡೊಯ್ದು ತೂಗಿಸಿ ಎಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ಅಂದಾಜು ಹಾಕುವಾಗ ನಾವೆಲ್ಲರೂ ಕಡಿಮೆಯನ್ನೇ ಹಾಕುತ್ತೇವೆ.

ಎಳೆಯುವ ಕಾರಿಗೂ ಕ್ಯಾರವಾನಿಗೂ ಇರಬೇಕಾದ ಅನುಪಾತದ ಬಗ್ಗೆ ಅನುಭವಿಗಳು ಹೇಳುವ ಒಂದು ಮಾತಿದೆ: ಹೊಸಬರು ಎಳೆಯುವ ಕ್ಯಾರವಾನಿನ ತುಂಬಿದ ತೂಕ ಕಾರಿನ ತೂಕದ ಶೇಕಡ 85ನ್ನು ಮೀರದಿರುವುದು ಒಳ್ಳೆಯದು. 1600 ಕಿಲೋ ತೂಗುವ ಕಾರಿಗೆ ಇದು 1360 ಕಿಲೋ ಆಗುತ್ತದೆ. ಇದು ಸಲಹೆಯೇ ಹೊರತು ಕಾನೂನಲ್ಲ. ಕಾರು ತಯಾರಕರು ಕೊಟ್ಟಿರುವ ಎಳೆಯುವ ಮಿತಿ ಇದಕ್ಕಿಂತ ಕಡಿಮೆಯಿದ್ದರೆ ಆ ಮಿತಿಯೇ ಅಂತಿಮ. ಚಾಲನಾ ಪರವಾನಗಿ, ವೇಗದ ಮಿತಿ, ಬ್ರೇಕ್ ಮತ್ತು ಕನ್ನಡಿಗಳ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ, ಕ್ಯಾರವಾನ್ ಕೊಳ್ಳುವ ಮೊದಲೇ ಅವನ್ನು ವಿಚಾರಿಸಿಕೊಳ್ಳಬೇಕು.

ಮೂರನೆಯ ಅಂಕಿಯೊಂದಿದೆ, ಹೊಸಬರು ಹೆಚ್ಚಾಗಿ ಕೇಳಿಯೇ ಇರುವುದಿಲ್ಲ. ಕ್ಯಾರವಾನಿನ ಮೂತಿ ಕಾರಿನ ಹಿಂದಿನ ಕೊಂಡಿಯ ತುದಿಯಲ್ಲಿರುವ ಉಕ್ಕಿನ ಗುಂಡಿನ ಮೇಲೆ ಕೂತಾಗ ಅದರ ಮೇಲೆ ಒತ್ತುವ ಭಾರವೇ ಅದು. ಯುರೋಪಿನ ಮಾದರಿಯ ಕ್ಯಾರವಾನ್‌ಗಳಲ್ಲಿ ಇದು ತುಂಬಿದ ತೂಕದ ಶೇಕಡ 5ರಿಂದ 7ರಷ್ಟಿರಬೇಕೆಂಬುದು ಸಾಮಾನ್ಯ ಲೆಕ್ಕ, ಅಂದರೆ 1300 ಕಿಲೋ ಬಂಡಿಗೆ 65ರಿಂದ 91 ಕಿಲೋ. ಉತ್ತರ ಅಮೆರಿಕದ ಟ್ರೇಲರ್‌ಗಳಲ್ಲಿ ಶೇಕಡ 10ರಿಂದ 15ರಷ್ಟನ್ನು ಇಟ್ಟುಕೊಳ್ಳುತ್ತಾರೆ. ಕಾರು, ಕೊಂಡಿ ಮತ್ತು ಕ್ಯಾರವಾನ್ ಈ ಮೂರಕ್ಕೂ ತಯಾರಕರು ಹೇಳಿರುವ ಮಿತಿಗಳಲ್ಲಿ ಅತಿ ಕಡಿಮೆಯಾದದ್ದನ್ನು ಮೀರಬಾರದು. ಇದನ್ನು ಅಳೆಯುವ ಉಪಕರಣ ಅಂಗಡಿಯಲ್ಲಿ ಸಿಗುತ್ತದೆ, ಮನೆಯಲ್ಲಿ ಮೈತೂಕ ನೋಡುವ ಯಂತ್ರದಿಂದಲೂ ಕೆಲಸ ಸಾಗುತ್ತದೆ. ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಅಡ್ಡೆ ಕೊಟ್ಟು, ಯಂತ್ರವನ್ನು ಮೂತಿಯ ಕೆಳಗಿಟ್ಟು, ಅದರ ಮೇಲೆ ಒಂದು ಗಟ್ಟಿ ಮರದ ತುಂಡನ್ನು ನೆಟ್ಟಗೆ ನಿಲ್ಲಿಸಿ, ಮುಂಭಾಗದ ಚಿಕ್ಕ ಜಾಕಿ ಚಕ್ರವನ್ನು ಮೆಲ್ಲನೆ ಮೇಲೆತ್ತಿದರೆ ಭಾರವೆಲ್ಲ ಮರದ ಮೂಲಕ ಯಂತ್ರಕ್ಕೆ ಇಳಿಯುತ್ತದೆ. ಕಾರಿಗೆ ಜೋಡಿಸಿದಾಗ ಮೂತಿ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆಯೋ ಅಳೆಯುವಾಗಲೂ ಅಷ್ಟೇ ಎತ್ತರದಲ್ಲಿರುವಂತೆ ಮರವನ್ನು ಕತ್ತರಿಸಿಕೊಳ್ಳಬೇಕು.

ಸಾಮಾನು ಜೋಡಿಸುವ ಕ್ರಮ ಈ ಭಾರಕ್ಕೆ ನೇರವಾಗಿ ಸಂಬಂಧಿಸಿದ್ದು. ಭಾರದ ವಸ್ತುಗಳು ನೆಲದ ಮೇಲೆ, ಚಕ್ರಗಳ ಅಚ್ಚಿನ ಹತ್ತಿರ ಇರಬೇಕು. ತಲೆಯ ಮೇಲಿನ ಕಪಾಟುಗಳಿಗೆ ಟವೆಲ್ಲು, ಬಿಸ್ಕತ್ತಿನಂಥ ಹಗುರ ವಸ್ತುಗಳಷ್ಟೇ ಸಾಕು. ಹಿಂಬದಿಯ ಮಂಚದ ಕೆಳಗೆ ಜಾಗ ಧಾರಾಳವಾಗಿ ಕಾಣುವುದರಿಂದ ಅಲ್ಲಿಯೇ ಎಲ್ಲವನ್ನೂ ತುರುಕುವ ಮನಸ್ಸಾಗುತ್ತದೆ, ಆದರೆ ಹಿಂಭಾರ ಹೆಚ್ಚಾದ ಕ್ಯಾರವಾನ್ ವೇಗ ಏರುತ್ತಿದ್ದಂತೆ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ಓಲಾಟ ಶುರುವಾದರೆ ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲನೆ ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದು, ವೇಗ ತಾನಾಗಿಯೇ ಇಳಿಯಲು ಬಿಡಬೇಕು. ಗಾಬರಿಯಿಂದ ಬ್ರೇಕ್ ಒತ್ತುವುದು, ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸುವುದು, ವೇಗ ಹೆಚ್ಚಿಸಿ ಪಾರಾಗಲು ನೋಡುವುದು ಎಲ್ಲವೂ ಅಪಾಯವನ್ನು ಹೆಚ್ಚಿಸುತ್ತವೆ.

ರಸ್ತೆಗಿಳಿಯುವ ಮೊದಲು

ಮೊದಲ ಖರ್ಚು ರಸ್ತೆಯ ಸುರಕ್ಷತೆಗೆ ಹೋಗಬೇಕು. ಕಾರಿನ ಮಾದರಿಗೆಂದೇ ಮಾನ್ಯತೆ ಪಡೆದ ಕೊಂಡಿಯನ್ನು ಬಲ್ಲವರಿಂದ ಕೂರಿಸಿಕೊಂಡು, ಕ್ಯಾರವಾನಿನ ಬ್ರೇಕ್ ದೀಪ ಮತ್ತು ಇಂಡಿಕೇಟರ್‌ಗಳಿಗೆ ಬೇಕಾದ ವೈರಿಂಗನ್ನು ಅದರ ಜೊತೆಗೇ ಮಾಡಿಸಿಕೊಳ್ಳಬೇಕು. ಕ್ಯಾರವಾನ್ ಕಾರಿಗಿಂತ ಅಗಲವಾಗಿರುವುದರಿಂದ ಕಾರಿನ ಕನ್ನಡಿಗಳಿಗೆ ಸಿಕ್ಕಿಸುವ ಹೆಚ್ಚುವರಿ ಕನ್ನಡಿಗಳು ಎರಡೂ ಬದಿಗೆ ಬೇಕು; ಅಗ್ಗದವು ಗಾಳಿಗೆ ನಡುಗಿ ಹಿಂದಿನದೇನೂ ಸ್ಪಷ್ಟವಾಗಿ ಕಾಣಿಸುವುದಿಲ್ಲ, ಆದ್ದರಿಂದ ಇಲ್ಲಿ ಉಳಿತಾಯ ಮಾಡಬಾರದು. ಓಲಾಟವನ್ನು ತಡೆಯುವ ಸ್ಟೆಬಿಲೈಸರ್ ಉಪಯುಕ್ತವಾದದ್ದು, ಆದರೆ ತಪ್ಪಾಗಿ ತುಂಬಿದ ಬಂಡಿಯನ್ನು ಅದು ಸರಿಪಡಿಸುವುದಿಲ್ಲ.

ಟೈರುಗಳ ವಿಷಯದಲ್ಲಿ ಹೊಸಬರು ಮೋಸಹೋಗುವುದು ಸುಲಭ. ಕ್ಯಾರವಾನ್ ವರ್ಷದ ಹೆಚ್ಚಿನ ಕಾಲ ನಿಂತಲ್ಲೇ ನಿಂತಿರುವುದರಿಂದ ಟೈರಿನ ಹಲ್ಲು ಸವೆಯುವುದಕ್ಕಿಂತ ಮೊದಲೇ ರಬ್ಬರಿಗೆ ಮುಪ್ಪು ಬಂದಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹಲ್ಲು ಹೊಸದರಂತೆ ಕಂಡರೂ ಐದಾರು ವರ್ಷ ದಾಟಿದ ಟೈರಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗಲು ನಾನು ಒಪ್ಪುವುದಿಲ್ಲ. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ ನೋಡಬೇಕು. ಚಕ್ರದ ನಟ್ಟುಗಳನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಾಗಿ ಕೂರಿಸಲು ಟಾರ್ಕ್ ರೆಂಚ್ ಬೇಕು, ಚಕ್ರ ಬಿಚ್ಚಿ ಹಾಕಿದ ಮೇಲೆ ಸುಮಾರು 50 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಹೆಚ್ಚುವರಿ ಚಕ್ರವೂ ಕ್ಯಾರವಾನಿಗೆ ಹೊಂದುವ ಜಾಕೂ ಜೊತೆಯಲ್ಲಿರಲಿ. ಕಾರಿನ ಜಾಕ್ ಅದಕ್ಕೆ ಹೊಂದದೇ ಇರಬಹುದು.

ಜೋಡಿಸುವ ಕೆಲಸವನ್ನು ಹೊರಡುವ ದಿನಕ್ಕೆ ಮೊದಲೇ ನಾಲ್ಕೈದು ಬಾರಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಕಾರನ್ನು ಹಿಂದಕ್ಕೆ ತಂದು ಗುಂಡು ಮೂತಿಯ ಕೆಳಗೆ ಬಂದ ಮೇಲೆ ಜಾಕಿ ಚಕ್ರದ ಹಿಡಿಯನ್ನು ತಿರುಗಿಸುತ್ತ ಮೂತಿಯನ್ನು ಇಳಿಸಿದರೆ, ಅದು ಗುಂಡನ್ನು ಕಚ್ಚುವಾಗ ಟಕ್ ಎಂಬ ಗಟ್ಟಿ ಸದ್ದು ಕೇಳುತ್ತದೆ, ಹಲವು ಕೊಂಡಿಗಳಲ್ಲಿ ಹಸಿರು ಗುರುತೂ ಹೊರಬರುತ್ತದೆ. ಅಷ್ಟಕ್ಕೇ ತೃಪ್ತರಾಗದೆ, ಜಾಕಿ ಚಕ್ರವನ್ನು ವಿರುದ್ಧ ದಿಕ್ಕಿಗೆ ನಾಲ್ಕಾರು ಸುತ್ತು ತಿರುಗಿಸಿ ಮೂತಿಯನ್ನು ಮತ್ತೆ ಎತ್ತಿ ನೋಡಬೇಕು. ಕಾರಿನ ಹಿಂಭಾಗವೂ ಅದರೊಂದಿಗೆ ಮೇಲೇಳತೊಡಗಿದರೆ ಮಾತ್ರ ಕೊಂಡಿ ನಿಜವಾಗಿ ಬಿಗಿದಿದೆ. ಆಮೇಲೆ, ಕ್ಯಾರವಾನ್ ಆಕಸ್ಮಾತ್ ಕಳಚಿಕೊಂಡರೆ ಅದರ ಬ್ರೇಕನ್ನು ತಾನಾಗಿಯೇ ಎಳೆಯುವ ತೆಳು ಉಕ್ಕಿನ ಹಗ್ಗವನ್ನು ಕಾರಿಗೆ ಸಿಕ್ಕಿಸಿ, ದೀಪದ ಪ್ಲಗ್ ಹಾಕಿ, ಜಾಕಿ ಚಕ್ರವನ್ನು ಪೂರ್ತಿ ಮೇಲೆತ್ತಿ ಬಿಗಿದು, ಕೊನೆಗೆ ಕ್ಯಾರವಾನಿನ ಹ್ಯಾಂಡ್ ಬ್ರೇಕನ್ನು ಬಿಡಬೇಕು. ದೀಪಗಳನ್ನು ಪರೀಕ್ಷಿಸುವಾಗ ಹಿಂದೆ ನಿಂತು ಎಡ, ಬಲ, ಬ್ರೇಕ್ ಎಂದು ಕೂಗಿ ಹೇಳುವ ಕೆಲಸವನ್ನು ಮಕ್ಕಳಿಗೆ ಕೊಟ್ಟರೆ ಅವರು ಅದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ.

ತಂಗುವ ಜಾಗದಲ್ಲಿ

ಕ್ಯಾರವಾನನ್ನು ಸಮತಟ್ಟಾಗಿ ನಿಲ್ಲಿಸುವುದಕ್ಕೆ ಎರಡು ಇಳಿಜಾರು ಹಲಗೆಗಳು, ಚಕ್ರಕ್ಕೆ ಕೊಡುವ ಅಡ್ಡೆಗಳು, ಒಂದು ಚಿಕ್ಕ ರಸಮಟ್ಟ ಬೇಕು. ಮೊದಲು ತಗ್ಗಿನಲ್ಲಿರುವ ಚಕ್ರವನ್ನು ಹಲಗೆಯ ಮೇಲೇರಿಸಿ ಎಡಬಲಗಳ ಮಟ್ಟವನ್ನು ಸರಿಮಾಡಿ, ಹ್ಯಾಂಡ್ ಬ್ರೇಕ್ ಹಾಕಿ ಅಡ್ಡೆಗಳನ್ನಿಟ್ಟು, ಕಾರನ್ನು ಬಿಡಿಸಿದ ನಂತರ ಜಾಕಿ ಚಕ್ರದಿಂದ ಹಿಂದುಮುಂದಿನ ಮಟ್ಟವನ್ನು ನೋಡಿಕೊಳ್ಳಬೇಕು. ನಾಲ್ಕು ಮೂಲೆಗಳ ಊರುಗಾಲುಗಳನ್ನು ಇಳಿಸುವುದು ಕೊನೆಗೆ. ಅವು ಬಂಡಿ ಅಲುಗಾಡದಂತೆ ಹಿಡಿದಿಡಲು ಇರುವಂಥವು, ಅವುಗಳಿಂದ ಬಂಡಿಯನ್ನೇ ಎತ್ತಲು ಹೋದರೆ ಚಾಸಿಗೂ ನೆಲದ ಹಲಗೆಗೂ ಪೆಟ್ಟಾಗುತ್ತದೆ. ಮೆತ್ತನೆಯ ಮಣ್ಣಿನಲ್ಲಿ ಊರುಗಾಲಿನ ಕೆಳಗಿಡಲು ನಾಲ್ಕು ಮರದ ತುಂಡುಗಳು ಸಾಕು.

ಮಟ್ಟಕ್ಕೆ ಇಷ್ಟೊಂದು ಮಹತ್ವ ಏಕೆಂದರೆ, ನೆಮ್ಮದಿಯ ನಿದ್ರೆಯ ಜೊತೆಗೆ ಫ್ರಿಜ್ಜಿನ ಕೆಲಸವೂ ಅದರ ಮೇಲೆ ನಿಂತಿದೆ. ಅನೇಕ ಕ್ಯಾರವಾನ್‌ಗಳಲ್ಲಿ ಇರುವುದು ಗ್ಯಾಸ್, 12 ವೋಲ್ಟ್ ಬ್ಯಾಟರಿ ಮತ್ತು ಮನೆಯ ವಿದ್ಯುತ್ ಈ ಮೂರರಿಂದಲೂ ನಡೆಯುವ ಫ್ರಿಜ್. ಅದರೊಳಗೆ ಕಂಪ್ರೆಸರ್ ಇರುವುದಿಲ್ಲ. ಶಾಖದಿಂದ ಆವಿಯಾದ ಅಮೋನಿಯಾ ಮತ್ತೆ ದ್ರವವಾಗಿ ಕೊಳವೆಗಳಲ್ಲಿ ಕೆಳಕ್ಕೆ ಹರಿಯುವುದು ಭೂಮಿಯ ಸೆಳೆತದಿಂದ ಮಾತ್ರ. ಬಂಡಿ ವಾಲಿ ನಿಂತರೆ ಆ ಹರಿವು ನಿಂತು ಫ್ರಿಜ್ ತಣ್ಣಗಾಗುವುದೇ ಇಲ್ಲ. ಇಂಥ ಫ್ರಿಜ್ ನಿಧಾನವಾಗಿ ತಣ್ಣಗಾಗುವುದರಿಂದ ಹಿಂದಿನ ದಿನವೇ ಚಾಲೂ ಮಾಡಿ, ಮೊದಲೇ ತಂಪಾಗಿರುವ ಪದಾರ್ಥಗಳನ್ನು ಇಡುವುದು ಉತ್ತಮ.

ಗ್ಯಾಸ್

ಸಿಲಿಂಡರ್‌ಗಳಲ್ಲಿ ಬ್ಯೂಟೇನ್ ಮತ್ತು ಪ್ರೊಪೇನ್ ಎಂಬ ಎರಡು ಅನಿಲಗಳು ದೊರೆಯುತ್ತವೆ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಗಿಂತ ಕೆಳಗೆ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಚಳಿಯ ಜಾಗಕ್ಕೆ ಹೋಗುವ ಕುಟುಂಬ ಪ್ರೊಪೇನನ್ನೇ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಸಿಲಿಂಡರ್ ತುಂಬಿದ್ದರೂ ಬೆಳಗ್ಗೆ ಒಲೆ ಹತ್ತುವುದಿಲ್ಲ. ಸಿಲಿಂಡರಿನ ಮೂತಿಗೆ ಹೊಂದುವ ರೆಗ್ಯುಲೇಟರ್ ಯಾವುದೆಂದು ಮನೆಯಲ್ಲಿಯೇ ಜೋಡಿಸಿ ನೋಡಿ, ರಬ್ಬರ್ ಕೊಳವೆಯ ಮೇಲಿನ ತಾರೀಖನ್ನು ಓದಿ, ಹಳತಾಗಿದ್ದರೆ ಬದಲಿಸಿ. ಸೋರಿಕೆಯನ್ನು ಸೋಪಿನ ನೀರು ಹಚ್ಚಿ ಪರೀಕ್ಷಿಸಬೇಕು, ಬೆಂಕಿಕಡ್ಡಿಯಿಂದ ಎಂದಿಗೂ ಅಲ್ಲ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಬಂಡಿ ಓಡುವಾಗ ಅದರ ವಾಲ್ವ್ ಮುಚ್ಚಿರಬೇಕು.

ಈ ಅನಿಲಗಳು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಕ್ಕಿಳಿದು ಅಲ್ಲಿಯೇ ನಿಲ್ಲುತ್ತವೆ. ಕ್ಯಾರವಾನಿನ ನೆಲದಲ್ಲಿ ಬೇಕೆಂದೇ ರಂಧ್ರಗಳನ್ನು ಬಿಟ್ಟಿರುವುದು ಅವು ಹೊರಹೋಗಲೆಂದು. ಚಳಿಗಾಳಿ ಬರುತ್ತದೆಂದು ಯಾರೋ ಅದಕ್ಕೆ ಬಟ್ಟೆ ತುರುಕಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ, ಹೊಗೆಯ ಅಲಾರಂ, ಬೆಂಕಿ ನಂದಿಸುವ ಹೊದಿಕೆ, ಅಗ್ನಿಶಾಮಕ ಉಪಕರಣ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವಿಷ್ಟು ಇಲ್ಲದೆ ಮೊದಲ ರಾತ್ರಿಯನ್ನೂ ಕಳೆಯಬಾರದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದ್ದವರಿಗೆ ಅದರ ಸುಳಿವೇ ಸಿಗುವುದಿಲ್ಲ. ಇದ್ದಿಲಿನ ಒಲೆಯನ್ನು, ಅದು ಆರಿದಂತೆ ಕಂಡರೂ, ಕ್ಯಾರವಾನಿನೊಳಗಾಗಲಿ ಪಕ್ಕದ ಡೇರೆಯೊಳಗಾಗಲಿ ತರಬಾರದು. ಬೂದಿಯ ಕೆಳಗೆ ಕೆಂಡ ಇರುವವರೆಗೂ ಅದು ಈ ವಿಷಾನಿಲವನ್ನು ಬಿಡುತ್ತಲೇ ಇರುತ್ತದೆ. ಬಿಸಿ ಸಿಗಲೆಂದು ಅಡುಗೆಯ ಒಲೆಯನ್ನು ಉರಿಸಿಟ್ಟು ಮಲಗುವುದೂ ಅಷ್ಟೇ ಅಪಾಯಕಾರಿ.

ವಿದ್ಯುತ್ತು, ನೀರು, ಶೌಚ

ತಂಗುವ ಜಾಗದ ವಿದ್ಯುತ್ ಕಂಬದಿಂದ ಕ್ಯಾರವಾನಿಗೆ ಎಳೆಯಲು ಹೊರಾಂಗಣಕ್ಕೆಂದೇ ಮಾಡಿದ ಕೇಬಲ್ ಬೇಕು. 230 ವೋಲ್ಟಿನ ದೇಶಗಳಲ್ಲಿ ಸಾಮಾನ್ಯವಾಗಿ ಬಳಸುವುದು 25 ಮೀಟರ್ ಉದ್ದದ, 2.5 ಚದರ ಮಿಲಿಮೀಟರ್ ತಂತಿಯ ಕೇಬಲ್. ಪೂರೈಕೆ ಬಂದ್ ಇರುವಾಗ ಮೊದಲು ಕ್ಯಾರವಾನಿಗೆ, ನಂತರ ಕಂಬಕ್ಕೆ ಪ್ಲಗ್ ಹಾಕಬೇಕು. ಹೊರಡುವಾಗ ಮೊದಲು ಕಂಬದಿಂದ ತೆಗೆಯಬೇಕು. ಕಂಬ ಎಷ್ಟೇ ಹತ್ತಿರವಿದ್ದರೂ ಕೇಬಲನ್ನು ಪೂರ್ತಿ ಬಿಚ್ಚಿ ಹರಡಬೇಕೆಂಬುದನ್ನು ನಾನು ಕಲಿತದ್ದು ಒಂದು ಮಳೆಯ ಸಂಜೆ. ಬೇಗ ಒಳಗೆ ಸೇರುವ ಆತುರದಲ್ಲಿ ಅರ್ಧವನ್ನಷ್ಟೇ ಬಿಚ್ಚಿ, ಉಳಿದದ್ದನ್ನು ಸುರುಳಿಯಲ್ಲಿಯೇ ಬಿಟ್ಟು ಹೀಟರ್ ಹಾಕಿದ್ದೆ. ಎರಡು ಗಂಟೆ ಕಳೆದು ಬಾಗಿಲ ಬಳಿ ಸುಟ್ಟ ರಬ್ಬರಿನ ವಾಸನೆ ಬಂದು ಹೊರಗೆ ಹೋಗಿ ಮುಟ್ಟಿದಾಗ ಸುರುಳಿ ಕೈಯಿಡಲಾಗದಷ್ಟು ಕಾದಿತ್ತು, ಒಳಸುತ್ತುಗಳ ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಸುತ್ತಿದ ಕೇಬಲಿನಲ್ಲಿ ಹುಟ್ಟುವ ಶಾಖಕ್ಕೆ ಹೊರಹೋಗಲು ದಾರಿಯಿರುವುದಿಲ್ಲ ಎಂಬ ಸರಳ ಸಂಗತಿ ನನಗೆ ಅಂದು ಹೊಳೆದಿರಲಿಲ್ಲ. ಆ ರಾತ್ರಿ ಮಕ್ಕಳು ಮಲಗಿದ ಮೇಲೂ ನಾನು ಬಹಳ ಹೊತ್ತು ಎಚ್ಚರವಾಗಿಯೇ ಇದ್ದೆ.

ಕಂಬ ಕೊಡುವ ವಿದ್ಯುತ್ತಿಗೂ ಮಿತಿಯಿದೆ. 10 ಆಂಪಿಯರಿನ ಸಂಪರ್ಕ 230 ವೋಲ್ಟಿನಲ್ಲಿ 2300 ವ್ಯಾಟ್ ಕೊಡುತ್ತದೆ, 6 ಆಂಪಿಯರಿನದು 1380 ವ್ಯಾಟ್ ಮಾತ್ರ. ಮನೆಯಲ್ಲಿ ಬಳಸುವ 2000 ವ್ಯಾಟಿನ ಕೆಟಲ್ಲನ್ನೂ ಹೀಟರನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಬೀಳುತ್ತದೆ. 1000 ವ್ಯಾಟಿನೊಳಗಿನ ಚಿಕ್ಕ ಕೆಟಲ್ ನಿಧಾನವಾದರೂ ಅದೇ ಸರಿ.

ವಿದ್ಯುತ್ ಕಂಬವಿಲ್ಲದ ಜಾಗದಲ್ಲಿ ದೀಪ, ನೀರಿನ ಪಂಪು, ಮೊಬೈಲ್ ಚಾರ್ಜಿಂಗ್ ಎಲ್ಲವೂ 12 ವೋಲ್ಟಿನ ಬ್ಯಾಟರಿಯಿಂದಲೇ ಆಗಬೇಕು. ಕಾರಿನ ಬ್ಯಾಟರಿ ಎಂಜಿನ್ ಚಾಲೂ ಮಾಡುವ ಕ್ಷಣದಲ್ಲಿ ಭಾರೀ ವಿದ್ಯುತ್ ಕೊಡಲು ತಯಾರಾದದ್ದು. ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕೊಡುವುದಕ್ಕೆ ಅದಕ್ಕೆಂದೇ ಮಾಡಿದ ಬ್ಯಾಟರಿ ಬೇರೆಯೇ ಇದೆ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯಸ್ಸು ಕುಗ್ಗುವುದರಿಂದ, ನಿಮಗೆ ಸಿಗುವುದು 50 ಆಂಪಿಯರ್-ಅವರ್, ಅಂದರೆ ಸುಮಾರು 600 ವ್ಯಾಟ್-ಅವರ್ ಎಂದು ಹಿಡಿಯಿರಿ. 3 ವ್ಯಾಟಿನ ನಾಲ್ಕು ಎಲ್‌ಇಡಿ ದೀಪಗಳನ್ನು ಐದು ಗಂಟೆ ಉರಿಸಲು 60, ನಾಲ್ಕು ಮೊಬೈಲ್‌ಗಳಿಗೆ ಸುಮಾರು 60, 30 ವ್ಯಾಟಿನ ಟಿವಿಯನ್ನು ಮೂರು ಗಂಟೆ ನೋಡಲು 90 ವ್ಯಾಟ್-ಅವರ್ ಬೇಕು. ಹೀಗೆ ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿದರೆ ಸೋಲಾರ್ ಫಲಕ ಬೇಕೋ ಬೇಡವೋ ಎಂಬುದು ತಾನಾಗಿಯೇ ತಿಳಿಯುತ್ತದೆ. ಮೊದಲ ಪ್ರವಾಸ ವಿದ್ಯುತ್ ಸಂಪರ್ಕವಿರುವ ಜಾಗಕ್ಕೆ ಆದರೆ ಈ ಖರ್ಚನ್ನು ಧಾರಾಳವಾಗಿ ಮುಂದೂಡಬಹುದು.

ನೀರಿಗೆ, ನೆಲದ ಮೇಲೆ ಉರುಳಿಸಿಕೊಂಡು ಬರಬಹುದಾದ 40 ಲೀಟರಿನ ಡ್ರಮ್ಮು ಒಳ್ಳೆಯದು. ಉರುಳಿಸುವ ಕೆಲಸಕ್ಕೆ ಮಕ್ಕಳು ತಾವಾಗಿಯೇ ಮುಂದೆ ಬರುತ್ತಾರೆ. ಬಳಸಿದ ನೀರು ಸೇರಲು ಬೇರೆ ಡಬ್ಬ ಬೇಕು. ಕುಡಿಯುವ ನೀರಿನ ಪೈಪನ್ನು ಆ ಕೆಲಸಕ್ಕೆಂದೇ ಮೀಸಲಿಡಬೇಕು, ಶೌಚದ ತೊಟ್ಟಿ ತೊಳೆಯುವ ಪೈಪಿನ ಹತ್ತಿರವೂ ಅದು ಇರಬಾರದು. ಹೆಚ್ಚಿನ ಕ್ಯಾರವಾನ್‌ಗಳ ಶೌಚಕ್ಕೆ ಹೊರಗಿನಿಂದ ಎಳೆದು ತೆಗೆಯಬಹುದಾದ ಸುಮಾರು 20 ಲೀಟರಿನ ತೊಟ್ಟಿಯಿರುತ್ತದೆ. ಅದರಲ್ಲಿ ಹಾಕುವ ದ್ರವವನ್ನು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಟ್ಟು, ತೊಟ್ಟಿಯನ್ನು ಅದಕ್ಕೆಂದೇ ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಖಾಲಿ ಮಾಡಬೇಕು. ಹಳ್ಳಕ್ಕೋ ಪೊದೆಗೋ ಸುರಿಯುವುದು ಅಕ್ಷಮ್ಯ. ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ಕ್ಯಾರವಾನನ್ನು ನಿಲ್ಲಿಸಿಡುವುದಿದ್ದರೆ ಕೊಳವೆಗಳನ್ನೂ ನೀರು ಕಾಯಿಸುವ ತೊಟ್ಟಿಯನ್ನೂ ಬರಿದು ಮಾಡಬೇಕು; ಮಂಜುಗಡ್ಡೆಯಾಗುವಾಗ ನೀರು ಸುಮಾರು ಶೇಕಡ 9ರಷ್ಟು ಹಿಗ್ಗಿ ಅವನ್ನು ಸೀಳುತ್ತದೆ.

ಮಕ್ಕಳಿದ್ದಾಗ

ಕ್ಯಾರವಾನ್ ಓಡುತ್ತಿರುವಾಗ ಅದರೊಳಗೆ ಯಾರೂ ಇರಬಾರದು. ಮಗು ನಿದ್ದೆ ಮಾಡುತ್ತಿದೆ, ಹತ್ತೇ ನಿಮಿಷದ ದಾರಿ ಎಂಬ ಯಾವ ಕಾರಣವೂ ಇದಕ್ಕೆ ಅಪವಾದವಾಗಬಾರದು. ಒಳಗಿನ ಪೀಠಗಳು ಕೂತು ಪ್ರಯಾಣಿಸಲು ಮಾಡಿದವಲ್ಲ.

ಮೇಲಿನ ಮಂಚಕ್ಕೆ ತಡೆಪಟ್ಟಿ ಇರಲೇಬೇಕು, ಆರು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಅಲ್ಲಿ ಮಲಗಿಸಬಾರದು. ಪ್ರತಿಯೊಬ್ಬರಿಗೂ ಒಂದೊಂದು ಟಾರ್ಚ್ ಕೊಡುವುದು ಅಗತ್ಯವಾದ ಖರ್ಚು: ರಾತ್ರಿ ಎದ್ದ ಮಗು ತಾನೇ ದಾರಿ ನೋಡಿಕೊಳ್ಳುತ್ತದೆ, ಉಳಿದವರ ನಿದ್ದೆ ಕೆಡುವುದಿಲ್ಲ. ಡೇರೆಯ ಹಗ್ಗಗಳಿಗೆ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆಯ ಚೂರುಗಳನ್ನು ಕಟ್ಟಿದರೆ ಕತ್ತಲಲ್ಲಿ ಎಡವಿ ಬೀಳುವುದು ತಪ್ಪುತ್ತದೆ. ಬಟ್ಟೆಗೆ ಸೂಟ್‌ಕೇಸ್ ಬೇಡ. ಖಾಲಿಯಾದ ಮೇಲೆ ಮಡಚಿಡಬಹುದಾದ ಮೆತ್ತನೆಯ ಚೀಲ ತಲೆಗೊಂದರಂತೆ ಇರಲಿ, ಆ ಚೀಲದಲ್ಲಿ ಹಿಡಿಸಿದಷ್ಟೇ ಬಟ್ಟೆ ಎಂಬ ನಿಯಮವನ್ನು ದೊಡ್ಡವರೂ ಪಾಲಿಸಬೇಕು.

1931ರಲ್ಲಿ ಜರ್ಮನಿಯ ಆರಿಸ್ಟ್ ಡೆತ್ಲೆಫ್ಸ್ ಎಂಬ ಉದ್ಯಮಿ ವ್ಯಾಪಾರಕ್ಕಾಗಿ ದೀರ್ಘಕಾಲ ಊರೂರು ತಿರುಗುವಾಗ ತನ್ನವರನ್ನು ಬಿಟ್ಟಿರಬಾರದೆಂದು ಕಾರಿನ ಹಿಂದೆ ಎಳೆಯುವ ಚಿಕ್ಕ ಮನೆಯೊಂದನ್ನು ತಾನೇ ಕಟ್ಟಿಕೊಂಡ. ಒಟ್ಟಿಗಿರಬೇಕೆಂಬ ಆ ಆಸೆಯನ್ನು ನೆನಪಿಟ್ಟುಕೊಂಡರೆ, ಹಣ ಸ್ವಲ್ಪವೇ ಉಳಿದಿರುವಾಗ ಟಿವಿಗಿಂತ ಪಕ್ಕದ ಡೇರೆಗೆ ಮೊದಲ ಸ್ಥಾನ ಕೊಡಬೇಕೆಂದು ನನಗೆ ಅನಿಸುತ್ತದೆ. ಮಳೆ ಹಿಡಿದ ದಿನ ನಾಲ್ವರು ಕ್ಯಾರವಾನಿನೊಳಗೇ ಇರಬೇಕಾದಾಗ ಕೆಸರಿನ ಚಪ್ಪಲಿ, ಒದ್ದೆ ಕೋಟು, ಕಿತ್ತಾಡುವ ಮಕ್ಕಳು ಎಲ್ಲಕ್ಕೂ ಬೇಕಾದ ಜಾಗ ಅಲ್ಲಿ ಸಿಗುತ್ತದೆ. ಬಾಗಿಲಿನಷ್ಟು ಅಗಲವನ್ನು ಮಾತ್ರ ಮುಚ್ಚುವ ಚಿಕ್ಕ ಡೇರೆ ಹೊಸಬರಿಗೆ ಸಾಕು, ಅದನ್ನು ಇಬ್ಬರು ಸೇರಿ ಬೇಗ ಎಬ್ಬಿಸಬಹುದು. ಹುಲ್ಲಿನ ಮೇಲೆ ಹಾಸುವುದಾದರೆ ಗಾಳಿಯಾಡುವ ಹಾಸನ್ನೇ ಕೊಳ್ಳಿ. ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೆಲವೇ ದಿನಗಳಲ್ಲಿ ಹುಲ್ಲು ಹಳದಿಯಾಗುತ್ತದೆ.

ಹಳೆಯ ಕ್ಯಾರವಾನ್ ಕೊಳ್ಳುವವರು

ಸಾಮಾನಿಗೆ ಹಣ ಹಾಕುವ ಮೊದಲು ಗೋಡೆಗಳಲ್ಲಿ ತೇವ ಇದೆಯೇ ಎಂದು ನೋಡಿಸಬೇಕು. ಕಿಟಕಿಗಳ ಮೂಲೆ, ಚಾವಣಿಯ ದೀಪದ ಸುತ್ತ, ಮುಂದಿನ ಪೆಟ್ಟಿಗೆಗಳ ಒಳಗೆ ತೇವಮಾಪಕ ಇಟ್ಟಾಗ ಶೇಕಡ 15ರೊಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ದುರಸ್ತಿಯ ಖರ್ಚು ಕಾದಿದೆ ಎಂದುಕೊಳ್ಳಬಹುದು. ಬಾಗಿಲು ತೆಗೆದ ಕ್ಷಣಕ್ಕೆ ಬರುವ ಮುಗ್ಗಲು ವಾಸನೆ, ಕಾಲಿಟ್ಟಲ್ಲಿ ಒತ್ತಿಕೊಳ್ಳುವ ನೆಲ ಇವೆರಡನ್ನೂ ಮಾರುವವರ ಯಾವ ಸಮಾಧಾನದ ಮಾತಿಗೂ ಮನ್ನಿಸಬೇಡಿ.

ಮೊದಲ ರಾತ್ರಿ, ಮೊದಲ ಪ್ರವಾಸ

ಎಲ್ಲ ಹೊಂದಿಸಿಕೊಂಡ ಮೇಲೆ ನೇರವಾಗಿ ಎಂಟು ದಿನದ ಪ್ರವಾಸಕ್ಕೆ ಹೊರಡದೆ, ಮನೆಗೆ ಹತ್ತಿರದಲ್ಲಿಯೇ ಒಂದೆರಡು ರಾತ್ರಿ ಕಳೆದು ಬನ್ನಿ. ಒಲೆ ಹಚ್ಚಿ, ಮಂಚಗಳನ್ನು ಬಿಡಿಸಿ, ಶೌಚದ ತೊಟ್ಟಿಯನ್ನು ಖಾಲಿ ಮಾಡುವವರೆಗೆ ಪ್ರತಿಯೊಂದನ್ನೂ ಒಮ್ಮೆ ಮಾಡಿ ನೋಡಿ. ಊರುಗಾಲು ತಿರುಗಿಸುವ ಹಿಡಿಯನ್ನು ಮರೆತು ಬಂದಿರುವುದು, ಡಬ್ಬಿ ತೆರೆಯಲು ಏನೂ ಇಲ್ಲದಿರುವುದು ಮನೆಯ ಹತ್ತಿರವಿದ್ದಾಗ ಗೊತ್ತಾದರೆ ನಷ್ಟವಿಲ್ಲ. ಬೇಕೆನಿಸಿದ್ದನ್ನು ಆ ಕ್ಷಣವೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅದೇ ವಸ್ತು ಎರಡನೆಯ ಬಾರಿಯೂ ಬೇಕೆನಿಸಿದರೆ ಮಾತ್ರ ಕೊಳ್ಳಿ.

ಹಿಂತಿರುಗಿದ ದಿನ ದಣಿವಿದ್ದರೂ ಕ್ಯಾರವಾನನ್ನು ಪೂರ್ತಿ ಖಾಲಿ ಮಾಡಿ, ಒಮ್ಮೆಯೂ ಬಳಸದ ವಸ್ತುಗಳನ್ನು ಒಂದು ರಾಶಿ ಹಾಕಿ ತೂಗಿ ನೋಡಿ. ಅಗ್ನಿಶಾಮಕ, ಹೆಚ್ಚುವರಿ ಚಕ್ರ, ಔಷಧಿಗಳಂತಹ ಆಪತ್ಕಾಲದ ಸಾಮಾನನ್ನು ಬಿಟ್ಟು ಆ ರಾಶಿಯ ಉಳಿದದ್ದೆಲ್ಲ ಮನೆಯಲ್ಲಿಯೇ ಉಳಿಯಲಿ. ನಮ್ಮ ಮೊದಲ ಪ್ರವಾಸದ ನಂತರ ಆ ರಾಶಿ 31 ಕಿಲೋ ತೂಗಿತ್ತು. ಡೇರೆಯನ್ನು ಮಳೆಯಲ್ಲಿ ಮಡಚಿ ತಂದಿದ್ದರೆ ಮರುದಿನವೇ ಬಿಚ್ಚಿ ನೆರಳಿನಲ್ಲಿ ಹರಡಿ, ಹೊಲಿಗೆಗಳೂ ಒಣಗಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದ ಮೇಲೆಯೇ ಚೀಲಕ್ಕೆ ಸೇರಿಸಿ. ಫ್ರಿಜ್ಜಿನ ಬಾಗಿಲನ್ನು ಸ್ವಲ್ಪ ತೆರೆದಿಡಿ, ಗ್ಯಾಸ್ ವಾಲ್ವ್ ಮುಚ್ಚಿದೆಯೇ ಎಂದು ಮತ್ತೊಮ್ಮೆ ನೋಡಿ, ಬ್ಯಾಟರಿಯನ್ನು ಚಾರ್ಜಿಗೆ ಹಾಕಿ.